ಕಾಡಂಚಿನ ಕಾಲೋನಿ, ದಂಡಿನ ಕಾಲೋನಿ

(ಮರ್ಫಿ ಟೌನಿನಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಆಡಿದ ಹಾಗೆಯೇ ಹೆಚ್ಚುಕಡಿಮೆ ಇಳಿಸಿದ್ದೇವೆ.)



ಕವಿತೆ ಓದಿ ಅಂತ ನಮ್ಮನ್ನ ಕರೆದಿರಿ. ಇವತ್ತು ಕವಿತೆ ತಂದಿಲ್ಲ. ಮೊನ್ನೆ ನಾವು ಮೂವರು ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿರೋ ಒಂದು ಸೋಲಿಗರ ಪೋಡಿಗೆ ಹೋಗಿ ಎರಡು ರಾತ್ರಿ ಇದ್ದು ಬಂದೆವು. ಅದನ್ನ ಬಿಟ್ಟು ಬೇರೆ ಏನು ಹೇಳಿದರೂ ಈಗ ಸುಳ್ಳಾಗುತ್ತೆ. ಪೋಡಿನ ಹೆಸರು ಮಾತ್ರ ಹೇಳೋದಿಲ್ಲ. ಅಲ್ಲಿಯ ಹಿರಿಯರೇ ಬೇಡ ಅಂದರು. "ನೀವು ಬರ್ಕಂಡು ಹೊರಟೋಯ್ತೀರಿ. ಆಮೇಕೆ ಕೇಳಕ್ಕೆ ಬರೋರು ನಮ್ ಬಾಗಿಲ್ಗೆ ಬತ್ತಾರೆ" ಅಂದರು. ನ್ಯಾಯವಾದ ಮಾತು. ಅದಕ್ಕೆ ನಾವು ತಲೆಬಾಗಿದ್ದೀವಿ.

ಮೊದಲು ನಮ್ಮ ಕಡೆಯಿಂದ ಶುರು ಮಾಡ್ತೀವಿ. ನೀವು ಕೂತಿರೋ ಈ ಮರ್ಫಿ ಟೌನಿಗೆ ಹಿಂದೆ ನಾಕ್ಸ್‌ಪೇಟೆ ಅಂತ ಹೆಸರಿತ್ತು. ದಂಡುಪ್ರದೇಶ ಬ್ರಿಟಿಷರ ಕೈಲಿದ್ದಾಗ ಅಲ್ಲಿ ಎಂಜಿನಿಯರ್ ಆಗಿದ್ದ ಮರ್ಫಿ ದೊರೆಯ ಹೆಸರು ಆಮೇಲೆ ಅಂಟಿಕೊಂಡಿತು. ದಂಡಿಗೆ ಬೇಕಾಗಿದ್ದ ಜನ ನಾವು. ಬಂಗಲೆಯಲ್ಲಿ ಅಡಿಗೆ ಮಾಡೋರು, ಕುದುರೆ ಲಾಯ ಗುಡಿಸೋರು, ಕಕ್ಕಸ್ಸು ಬಳಿಯೋರು, ಗಾರೆ ಕಲಸೋರು, ಬೂಟು ಹೊಲಿಯೋರು. ನಮ್ಮ ಕೈ ಬೇಕಿತ್ತು. ಕೈಯ ಹಿಂದಿರೋ ಮನುಷ್ಯ ಕಾಂಪೌಂಡಿನ ಆಚೆ ಮಲಗಬೇಕಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ದೊಡ್ಡ ಮನುಷ್ಯರಿಗೆ ಬಡವರ ಗುಡಿಸಲು ಕಂಡರೆ ನಡುಕ ಹುಟ್ಟಿತು. ಬೀದಿ ಅಗಲ ಆಗಬೇಕು, ಗಾಳಿ ಆಡಬೇಕು, ಚರಂಡಿ ಹರೀಬೇಕು ಅನ್ನೋ ಬುದ್ಧಿ ಆ ನಡುಕದಿಂದ ಬಂತೇ ಹೊರತು ಕರುಣೆಯಿಂದ ಅಲ್ಲ. ಇರಲಿ, ಯಾವುದರಿಂದ ಬಂದರೂ ಗಾಳಿ ಗಾಳಿಯೇ. ಕೂಲಿ ಜನಕ್ಕೆ ಅಂತ ಇಲ್ಲಿ ಎದ್ದ ಹೆಂಚಿನ ಮನೆಯೊಂದರಲ್ಲಿ ನಮ್ಮ ತಾತ ಸಂಸಾರ ಹೂಡಿದ. ಮನೆಯೊಳಗೆ ತಮಿಳು, ಬೀದಿಯಲ್ಲಿ ದಖನಿ, ದೊರೆಯ ಮುಂದೆ ಮುರುಕು ಇಂಗ್ಲಿಷು. ಕನ್ನಡ ನಮ್ಮ ಮನೆಗೆ ನಮ್ಮ ಮೂಲಕವೇ ಬಂತು, ಶಾಲೆಯ ಚೀಲದಲ್ಲಿ. 1947ರಲ್ಲಿ ದಂಡು ಮೈಸೂರಿಗೆ ವಾಪಸ್ ಸೇರಿತು. 1949ರಲ್ಲಿ ದಂಡು, ಪೇಟೆ ಎರಡೂ ಕೂಡಿ ಒಂದೇ ಕಾರ್ಪೊರೇಶನ್ ಆಯಿತು. ತಾತನ ಮನೆ ಮಾತ್ರ ಅಷ್ಟೇ ಇತ್ತು.

ಒಂದು ಕೋಣೆ, ಒಂದು ಅಡಿಗೆ ಮೂಲೆ. ತಾತನಿಗೆ ಮೂರು ಜನ ಗಂಡುಮಕ್ಕಳು. ದೊಡ್ಡಪ್ಪನಿಗೆ ಮದುವೆ ಆದಾಗ ಕೋಣೆಯ ನಡುವೆ ಸೀರೆ ಕಟ್ಟಿದರು. ನಮ್ಮಪ್ಪನಿಗೆ ಮದುವೆ ಆದಾಗ ಸೀರೆ ಹೋಗಿ ರಟ್ಟು ಬಂತು. ಚಿಕ್ಕಪ್ಪನ ಕಾಲಕ್ಕೆ ರಟ್ಟು ಹೋಗಿ ಹಲಗೆ ಬಂತು. ನಾವು ಹುಟ್ಟಿದ್ದು ಹಲಗೆಯ ಈ ಕಡೆ. ಆ ಕಡೆಯವರು ಕೆಮ್ಮಿದರೆ ಈ ಕಡೆಯ ಕೂಸು ಎದ್ದು ಅಳೋದು. ಇದನ್ನ ಯಾಕೆ ಹೇಳ್ತಿದೀವಿ ಅಂದರೆ, ಬೆಟ್ಟದ ಬುಡದ ಪೋಡಿನಲ್ಲಿ ಮೊದಲ ರಾತ್ರಿ ಮಲಗಿದಾಗ ಗೋಡೆಯ ಆ ಕಡೆಯಿಂದ ಅದೇ ಕೆಮ್ಮು ಕೇಳಿಸಿತು.

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ ದಾಟಿ ಯಳಂದೂರು. ಅಲ್ಲಿಂದ ಗುಂಬಳ್ಳಿ ಕಡೆ ಹೋದರೆ ಗದ್ದೆ ಮುಗಿದು ಒಮ್ಮೆಗೇ ಬೆಟ್ಟ ಎದ್ದು ನಿಲ್ಲುತ್ತೆ. ಬುಡದಲ್ಲಿ ಕುರುಚಲು. ಸ್ವಲ್ಪ ಮೇಲೆ ಹೋದರೆ ದಿಂಡಿಗ, ಮತ್ತಿ, ಹೊನ್ನೆ, ನೆಲ್ಲಿ. ನಾವು ಹೋದಾಗ ಎಲೆಯೆಲ್ಲ ಉದುರಿ ಕಾಡು ಒಣಗಿತ್ತು. ಬುಡಬುಡದಲ್ಲೂ ಲಾಂಟಾನದ ಪೊದೆ, ಮನುಷ್ಯನೊಬ್ಬ ನಡೆದು ಹೋಗೋಕೂ ಜಾಗವಿಲ್ಲದ ಹಾಗೆ. ಪೋಡಿನ ಒಂದು ಪಕ್ಕ ಆನೆ ಬಾರದಿರಲಿ ಅಂತ ತೋಡಿದ ಕಂದಕ. ಇನ್ನೊಂದು ಪಕ್ಕ ಊರವರ ಹೊಲ. ನಡುವೆ ಇವರು. ಆನೆ ಕಂದಕ ದಾಟಿ ಬಂದರೆ ಮೊದಲು ಸಿಗೋದು ಇವರ ರಾಗಿ. ಊರಲ್ಲಿ ಕಳ್ಳತನ ಆದರೆ ಮೊದಲು ನೆನಪಾಗೋದು ಇವರ ಹೆಸರು.

ಒಬ್ಬ ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ದಳು. ನಮ್ಮನ್ನ ಕಂಡವಳೇ ಎದ್ದು ನಿಂತು ಸೆರಗು ಸರಿಮಾಡಿಕೊಂಡು, "ಬನ್ನಿ ಬುದ್ದಿ" ಅಂದಳು.

ಗೆಳೆಯರೆ, 'ಬುದ್ದಿ' ಅನ್ನೋದು ಏನು ಅಂತ ಚಾಮರಾಜನಗರ, ಮೈಸೂರು ಸೀಮೆಯಿಂದ ಬಂದವರಿಗೆ ಗೊತ್ತು. ನಿಮ್ಮಪ್ಪ ಗೌಡನ ಮುಂದೆ ಟವೆಲ್ಲು ಕಂಕುಳಿಗೆ ಸಿಗಿಸಿಕೊಂಡು ಹೇಳಿದ ಮಾತು ಅದು. ನಮ್ಮ ತಾತ ದಂಡಿನಲ್ಲಿ 'ದೊರೈ' ಅಂದದ್ದೂ ಅದೇ. ಮೂರು ತಲೆಮಾರು ಯಾರಿಗೋ ಹೇಳ್ತಾ ಬಂದ ಮಾತು ಇವತ್ತು ನಮಗೇ ತಿರುಗಿ ಬಂತು. ನಾವು ಪ್ಯಾಂಟು ಹಾಕಿದ್ದೆವು, ಹೆಗಲಲ್ಲಿ ಚೀಲ ಇತ್ತು. ಅಷ್ಟೇ ಸಾಕಾಯಿತು. ನಮ್ಮಲ್ಲಿ ಒಬ್ಬನಿಗೆ ಕಣ್ಣಲ್ಲಿ ನೀರು ಬಂತು, ಇನ್ನೊಬ್ಬ "ಬುದ್ದಿ ಅನ್ನಬೇಡಿ ಅಜ್ಜಿ, ನಾವು ಹೊಲೇರು" ಅಂದುಬಿಟ್ಟ. ಅಜ್ಜಿ ಸ್ವಲ್ಪ ಹೊತ್ತು ನೋಡಿದಳು. "ಹಂಗಾರೆ ಕುಂತ್ಕಂಡು ನೀವೂ ಸುಲೀರಿ" ಅಂದಳು. ಸುಲಿದೆವು.

ಪೋಡು ಅಂದರೆ ಏನು ಅಂತ ಪುಸ್ತಕದಲ್ಲಿ ನೋಡಿದರೆ 'ಸೋಲಿಗರ ವಸತಿ' ಅಂತ ಒಂದೇ ಮಾತಲ್ಲಿ ಮುಗಿಸಿರ್ತಾರೆ. ಅವರ ಬಾಯಲ್ಲಿ ಕೇಳಿದರೆ ಮುಗಿಯೋದಿಲ್ಲ. ಬಿಳಿಗಿರಿರಂಗನ ಬೆಟ್ಟದ ಒಳಗೂ ಸುತ್ತಲೂ ಇಂಥ ಪೋಡುಗಳು ಸುಮಾರು 60 ಇವೆ. ಸೋಲಿಗರಲ್ಲಿ ಕುಲಗಳಿವೆ: ಸೆಲಿಕಿರಿ, ತೆನೇರು, ಸೂರಿರು, ಹಾಲರು, ಬೆಳ್ಳರು. ಒಂದೊಂದು ಕುಲಕ್ಕೂ ಕಾಡಿನಲ್ಲಿ ಒಂದೊಂದು ಎಲ್ಲೆ. ಆ ಎಲ್ಲೆಯೊಳಗೆ ಅವರ ದೇವರು, ಮಾರಮ್ಮ, ವೀರರು, ಅಬ್ಬಿ ಅಂದರೆ ನೀರಿನ ತಾವು, ಕಲ್ಲುಗುಡಿ ಅಂದರೆ ಸತ್ತ ಹಿರಿಯರ ತಾವು. ಇಂಥ ತಾವುಗಳನ್ನ ಸೋಲಿಗರೇ ಸಂಶೋಧಕರ ಜೊತೆ ಕಾಡು ತಿರುಗಿ ನಕ್ಷೆ ಮಾಡಿಸಿದ್ದಾರೆ. ನಾನೂರಕ್ಕೂ ಹೆಚ್ಚು ಸಿಕ್ಕವು. ನಮ್ಮ ಹಟ್ಟಿಯಲ್ಲಿ ಒಂದು ಮಾರಮ್ಮನ ಗುಡಿಗೆ ಜಾಗ ಬಿಡಿಸಿಕೊಳ್ಳೋಕೆ ಎಷ್ಟು ವರ್ಷ ಬೇಕಾಯಿತು ನೆನಪು ಮಾಡಿಕೊಳ್ಳಿ. ಇವರಿಗೆ ಕಾಡು ತುಂಬ ಗುಡಿ, ಒಂದಕ್ಕೂ ಗೋಡೆ ಇಲ್ಲ.

ಹಿಂದೆ ಇವರು ಒಂದು ಕಡೆ ಕಾಡು ಕಡಿದು, ಸುಟ್ಟು, ರಾಗಿ ಚೆಲ್ಲಿ, ಮೂರೋ ನಾಕೋ ಬೆಳೆ ತೆಗೆದು ಅಲ್ಲಿಂದ ಎದ್ದು ಹೋಗೋರು. ಬಿಟ್ಟ ನೆಲದಲ್ಲಿ ಮತ್ತೆ ಕಾಡು ಬೆಳೀತಿತ್ತು. ಬೆಟ್ಟಕ್ಕೆ ಹೊರಗಿನವರು ಒಬ್ಬೊಬ್ಬರಾಗಿ ಬಂದರು. 1870ರ ದಶಕದಲ್ಲಿ ಸ್ಯಾಂಡರ್ಸನ್ ದೊರೆ ಬೆಟ್ಟದ ಬುಡದಲ್ಲಿ ಬಿಡಾರ ಹೂಡಿ ಆನೆ ಹಿಡಿಸಿದ. ಜಾಡು ತೋರಿಸಿದವರು ಸೋಲಿಗರು, ಪುಸ್ತಕ ಬರೆದು ಹೆಸರು ಮಾಡಿದವನು ದೊರೆ. ಆಮೇಲೆ ಹೊನ್ನಮೇಟಿಯಲ್ಲಿ ಮಾರಿಸ್ ಮನೆತನದವರು ಕಾಫಿ ತೋಟ ಮಾಡಿದರು. ದಂಡಿನಲ್ಲಿ ನಮ್ಮ ತಾತ ಸಲಾಮು ಹೊಡೀತಿದ್ದ ಕಾಲಕ್ಕೇ ಇವರ ತಾತ ಅಲ್ಲಿ ಕೋವಿ ಹೊರ್ತಿದ್ದ. ಬೂಸಾ ಗಲಾಟೆ ಆದದ್ದು 1973ರಲ್ಲಿ. ನಮ್ಮ ಹಿಂದಿನವರು ಇಲ್ಲಿ ಬೀದಿಗಿಳಿದು ಏಟು ತಿಂದ ಅದರ ಮರುವರ್ಷವೇ, 1974ರಲ್ಲಿ, ಅಲ್ಲಿ ಕಾಡು ಅಭಯಾರಣ್ಯ ಆಯಿತು. 'ಅಭಯ' ಪ್ರಾಣಿಗಳಿಗೆ. ಸುಟ್ಟು ಬೆಳೆಯೋದು ನಿಂತಿತು, ಬೇಟೆ ನಿಂತಿತು, ಹರಡಿಕೊಂಡಿದ್ದ ಪೋಡುಗಳನ್ನ ಎಳೆದು ತಂದು ರಸ್ತೆ ಪಕ್ಕ, ಬೆಟ್ಟದ ಬುಡ ಅಂತ ಕೂರಿಸಿದರು. ಸಾಲಾಗಿ ಮನೆ. ಹೆಸರು: ಕಾಲೋನಿ.

ಈ ಪದ ಒಂದು ತಮಾಷೆ ನೋಡಿ. ಹಳ್ಳಿಯಲ್ಲಿ 'ಕಾಲೋನಿ' ಅಂದರೆ ಯಾರದು ಅಂತ ಯಾರೂ ಕೇಳೋದಿಲ್ಲ. ಹೊಲಗೇರಿ, ಮಾದಿಗರ ಕೇರಿ ಅಂತ ಬಾಯಿಬಿಟ್ಟು ಹೇಳೋಕೆ ನಾಚಿಕೆ ಆದವರು ಕಂಡುಕೊಂಡ ಪದ. ಬೆಟ್ಟದ ಬುಡದಲ್ಲೂ ಅದೇ. ಇಲ್ಲಿ ನಮ್ಮ ಮರ್ಫಿ ಟೌನಿನಿಂದ ಸ್ವಲ್ಪ ನಡೆದರೆ ಇಂದಿರಾನಗರದಲ್ಲಿ ಡಿಫೆನ್ಸ್ ಕಾಲೋನಿ ಇದೆ. ಅದೂ ಕಾಲೋನಿಯೇ. ಅಲ್ಲಿ ಒಂದು ಸೈಟಿನ ಬೆಲೆ ಕೇಳಿದರೆ ಎದೆ ನಿಲ್ಲುತ್ತೆ. ಒಂದೇ ಪದ, ಯಾರ ಬಾಗಿಲ ಮೇಲೆ ಬರೆದಿದೆ ಅನ್ನೋದರ ಮೇಲೆ ಅರ್ಥ.

ಈಗ ಆ ಅಜ್ಜಿಯ ಮನೆಯ ವಿಷಯ. ನಾವು ಇದ್ದದ್ದು ಅಲ್ಲೇ. ಸರ್ಕಾರ ಕಟ್ಟಿಸಿಕೊಟ್ಟ ಮನೆ, ಒಂದು ಕೋಣೆ, ಒಂದು ಅಡಿಗೆ ಮೂಲೆ. ಅಜ್ಜಿಗೆ ಗಂಡುಮಕ್ಕಳು ಮೂವರು. ಹೌದು, ನಮ್ಮ ತಾತನ ಲೆಕ್ಕವೇ. ದೊಡ್ಡವನು ಒಳಗೆ, ನಡುವಿನವನು ಜಗಲಿಗೆ ತಡಿಕೆ ಕಟ್ಟಿಕೊಂಡು, ಚಿಕ್ಕವನು ಹಿತ್ತಲಲ್ಲಿ ಬಿದಿರು ಹೆಣೆದು ಮಣ್ಣು ಮೆತ್ತಿದ ಗುಡಿಸಲಲ್ಲಿ. ಪೋಡಿನ ಪ್ರತಿ ಮನೆಗೂ ಹೀಗೆ ಒಂದು ಬಾಲ ಬೆಳೆದಿದೆ. ತಡಿಕೆ, ಟಾರ್ಪಾಲು, ತಗಡು. ಜನ ಬೆಳೀತಾರೆ, ಅದು ಮನುಷ್ಯ ಧರ್ಮ. ಮಕ್ಕಳು ಹುಟ್ಟುತ್ತಾರೆ, ಹುಟ್ಟಿದವರು ಈಗ ಉಳಿಯುತ್ತಿದ್ದಾರೆ. ಅದರಲ್ಲಿ ಅಲ್ಲಿ ಕೆಲಸ ಮಾಡಿದ ಡಾಕ್ಟರುಗಳ ಪಾಲೂ ಇದೆ. 1981ರಲ್ಲಿ ಡಾ. ಸುದರ್ಶನ್ ಬೆಟ್ಟದ ಮೇಲೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಆಸ್ಪತ್ರೆ ಬಂತು, ಶಾಲೆ ಬಂತು. ಅವರ ಎಲ್ಲ ವಿಚಾರವನ್ನೂ ನಾವು ಒಪ್ಪಬೇಕಾಗಿಲ್ಲ, ಆದರೆ ಹಾವು ಕಚ್ಚಿದವನನ್ನ ಬದುಕಿಸಿದ ಕೈಯನ್ನ ಇಲ್ಲ ಅನ್ನೋ ಹಾಗಿಲ್ಲ. ಹಾಗೆ ಪೋಡು ಬೆಳೆದಿದೆ. ಪೋಡಿನ ಗೆರೆ ಮಾತ್ರ ಬೆಳೆದಿಲ್ಲ.

ಚಿಕ್ಕ ಮಗ ಗುಡಿಸಲು ಬಿಚ್ಚಿ ಕಲ್ಲಿನ ಪಾಯ ಹಾಕಬೇಕು ಅಂತ ಗುಂಡಿ ತೋಡಿದ. ಖಾಕಿ ಹಾಕಿದ ಯಾರೋ ಬಂದು, ಇದು ಕಾಡು, ಪಾಯ ತೋಡೋ ಹಾಗಿಲ್ಲ ಅಂದರಂತೆ. ಗುಂಡಿ ಹಾಗೇ ಇದೆ. ಮಳೆ ಬಂದಾಗ ನೀರು ನಿಲ್ಲುತ್ತೆ, ಕೋಳಿ ಮರಿ ಬಿದ್ದು ಸಾಯುತ್ತೆ. ನಾವು ಕೇಳಿದೆವು, "ಅಜ್ಜಿ, ನಿಮಗೆ ಹಕ್ಕುಪತ್ರ ಇಲ್ವಾ?" ಅಜ್ಜಿ ಒಳಗೆ ಹೋಗಿ ಅಕ್ಕಿ ಡಬ್ಬದೊಳಗಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದಳು. ಕವರಿನೊಳಗೆ ಇನ್ನೊಂದು ಕವರು. ಅದರೊಳಗೆ ಕಾಗದ. ಅಜ್ಜಿಯ ಹೆಸರು, ತೀರಿಹೋದ ತಾತನ ಹೆಸರು, ಇಬ್ಬರ ಫೋಟೊ. ಚೆಕ್ಕುಬಂದಿಯಲ್ಲಿ ನಾಕು ದಿಕ್ಕಿಗೂ 'ಅರಣ್ಯ'.

ಆ ಕಾಗದದ ಕಥೆ ನಿಮಗೆ ಗೊತ್ತಿರಬೇಕು, ಯಾಕೆಂದರೆ ನಾಳೆ ನಿಮ್ಮಲ್ಲಿ ಯಾರೋ ವಕೀಲ ಆಗ್ತೀರಿ, ಯಾರೋ ತಹಸೀಲ್ದಾರ ಆಗ್ತೀರಿ. 2006ರಲ್ಲಿ ಪಾರ್ಲಿಮೆಂಟು ಅರಣ್ಯ ಹಕ್ಕು ಕಾಯಿದೆ ಮಾಡಿತು. ಕಾಡಿನ ಜನಕ್ಕೆ ಐತಿಹಾಸಿಕವಾಗಿ ಅನ್ಯಾಯ ಆಗಿದೆ ಅಂತ ಕಾಯಿದೆಯ ಮುನ್ನುಡಿಯಲ್ಲೇ ಸರ್ಕಾರ ಒಪ್ಪಿಕೊಂಡಿದೆ. 2005ರ ಡಿಸೆಂಬರ್ 13ಕ್ಕೆ ಮೊದಲು ಯಾವ ನೆಲದಲ್ಲಿ ಇದ್ದು, ಉತ್ತು ಬಾಳುತ್ತಿದ್ದರೋ ಆ ನೆಲಕ್ಕೆ ಹಕ್ಕು, ಹೆಚ್ಚೆಂದರೆ 4 ಹೆಕ್ಟೇರು. ಗಂಡ ಹೆಂಡತಿ ಇಬ್ಬರ ಹೆಸರಲ್ಲೂ ಪತ್ರ. ಮಕ್ಕಳಿಗೆ ಬರುತ್ತೆ, ಮಾರೋ ಹಾಗಿಲ್ಲ. ಬರೇ ಉಳೋದಕ್ಕಲ್ಲ, ಇರೋದಕ್ಕೂ ಹಕ್ಕು ಅಂತ 3ನೇ ಕಲಮು ಸ್ಪಷ್ಟವಾಗಿ ಹೇಳುತ್ತೆ. ಹಕ್ಕು ತೀರ್ಮಾನ ಆಗೋವರೆಗೆ ಯಾರನ್ನೂ ಎಬ್ಬಿಸೋ ಹಾಗಿಲ್ಲ ಅಂತ 4ನೇ ಕಲಮು ಹೇಳುತ್ತೆ. 2011ರ ಜನವರಿಯಲ್ಲಿ ಬೆಟ್ಟ ಹುಲಿ ರಕ್ಷಿತಾರಣ್ಯ ಆಯಿತು. ಆವಾಗ ಎಲ್ಲರೂ ಇನ್ನು ಸೋಲಿಗರ ಕಥೆ ಮುಗೀತು ಅಂದುಕೊಂಡರು. ಸೋಲಿಗರು ಸುಮ್ಮನೆ ಕೂರಲಿಲ್ಲ. ಸಂಘ ಕಟ್ಟಿದ್ದರು, ಊರೂರು ಸಭೆ ಮಾಡಿದ್ದರು, ನಕ್ಷೆ ಇತ್ತು, ಅರ್ಜಿ ಇತ್ತು. ಅದೇ 2011ರ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ದೇಶದಲ್ಲಿ ಹುಲಿ ಕಾಡಿನೊಳಗೆ ಇಂಥ ಹಕ್ಕು ಮೊದಲು ಪಡೆದವರು ಇವರು. ಆ ಹೋರಾಟದಲ್ಲಿದ್ದ ಸಿ. ಮಾದೇಗೌಡರು ಸೋಲಿಗರಲ್ಲಿ ಡಾಕ್ಟರೇಟ್ ಮಾಡಿದ ಮೊದಲಿಗರು. ಹಾಸ್ಟೆಲಿನ ಹುಡುಗರಾದ ನಾವು ಈ ಹೆಸರನ್ನ ಗೋಡೆ ಮೇಲೆ ಬರೆದುಕೊಳ್ಳಬೇಕು.

ಆದರೂ ಗುಂಡಿ ಗುಂಡಿಯಾಗೇ ಇದೆ. ಯಾಕೆ?

ಯಾಕೆಂದರೆ ಹಕ್ಕುಪತ್ರ ನೆಲಕ್ಕೆ ಸಿಕ್ಕಿದೆ, ಊರಿಗೆ ಸಿಕ್ಕಿಲ್ಲ. ಆ ಪೋಡು ಕಂದಾಯ ಗ್ರಾಮ ಅಲ್ಲ. ಕಂದಾಯ ಗ್ರಾಮ ಅಲ್ಲದ ಮೇಲೆ ಖಾತೆ ಇಲ್ಲ, ಖಾತೆ ಇಲ್ಲದ ಮೇಲೆ ಹೊಸ ಮನೆಯ ಅರ್ಜಿ ಮುಂದಕ್ಕೆ ಹೋಗೋದಿಲ್ಲ. ವೋಟು ಹಾಕೋಕೆ ಊರು, ಮನೆ ಕಟ್ಟೋಕೆ ಕಾಡು. ಎರಡು ಎಕರೆಗೂ ಕಡಿಮೆ ಇರೋ ಅಜ್ಜಿಯ ನೆಲ ಮೂವರಿಗೆ ಹಂಚಬೇಕು. ಅವರ ಮಕ್ಕಳಿಗೆ ಮತ್ತೆ ಹಂಚಬೇಕು. ನಮ್ಮ ಮರ್ಫಿ ಟೌನಿನ ಹಲಗೆ ಗೋಡೆ ಅಲ್ಲಿ ರಾಗಿ ಹೊಲದ ನಡುವೆ ಎದ್ದು ನಿಲ್ಲುತ್ತೆ.

ಇಲ್ಲಿ ನಮ್ಮೊಳಗೇ ಒಂದು ಜಗಳ ಆಯಿತು. ಮುಚ್ಚಿಡೋದಿಲ್ಲ. ಎರಡನೇ ರಾತ್ರಿ, ಅಜ್ಜಿ ಮಲಗಿದ ಮೇಲೆ, ನಮ್ಮ ಗೆಳೆಯನೊಬ್ಬ ಕೇಳಿದ: "ಬಾಬಾಸಾಹೇಬರು ನಮಗೆ ಹಳ್ಳಿ ಬಿಡಿ ಅಂದರು. ಹಳ್ಳಿ ಅಂದರೆ ಜಾತಿಯ ಗುಂಡಿ ಅಂತ ನಾವೇ ಭಾಷಣ ಮಾಡ್ತೀವಿ. ಇವರಿಗೆ ಮಾತ್ರ ಯಾಕೆ ಕಾಡಲ್ಲೇ ಇರಿ ಅನ್ನಬೇಕು? ಹುಲಿ ಕಾಡಿಂದ ಹೊರಗೆ ಬಂದರೆ ಒಂದು ಕುಟುಂಬಕ್ಕೆ 10 ಲಕ್ಷ ಅಂತ ಇತ್ತು, 2021ರಿಂದ 15 ಲಕ್ಷ. ತಗೊಂಡು ಬರಲಿ, ಮಕ್ಕಳು ಓದಲಿ." ಒಳ್ಳೆ ಪ್ರಶ್ನೆ. ರಾತ್ರಿಯೆಲ್ಲ ಅದನ್ನೇ ಹಿಂಜಿದೆವು.

ನಮಗೆ ಕಂಡದ್ದು ಇಷ್ಟು. ನಮ್ಮ ಹಿರಿಯರು ಹಳ್ಳಿ ಬಿಟ್ಟಾಗ ಬಿಟ್ಟದ್ದು ಗೌಡನ ನೆಲವನ್ನ. ಕೆರೆಯಲ್ಲಿ ನೀರು ಮುಟ್ಟೋ ಹಾಗಿರಲಿಲ್ಲ, ಗುಡಿಯೊಳಗೆ ಕಾಲಿಡೋ ಹಾಗಿರಲಿಲ್ಲ, ಹೊಲ ನಮ್ಮದಾಗಿರಲಿಲ್ಲ. ಬಿಟ್ಟು ಬರೋಕೆ ಇದ್ದದ್ದು ಒಂದು ತಮಟೆ, ಒಂದು ಸಾಲದ ಲೆಕ್ಕ. ಸೋಲಿಗರು ಬಿಡಬೇಕಾದದ್ದು ಅವರದೇ ಅಬ್ಬಿಯನ್ನ, ಅವರದೇ ಕಲ್ಲುಗುಡಿಯನ್ನ. ನಮಗೆ ಊರು ಬಿಡೋದು ಬಿಡುಗಡೆ ಆದ ಹಾಗೆ ಅವರಿಗೆ ಕಾಡು ಬಿಡೋದು ಬಿಡುಗಡೆ ಆಗೋದಿಲ್ಲ. ಕಾಡಿಂದ ಇಳಿದು ಬಂದ ದಿನ ಅವರು ಏನಾಗ್ತಾರೆ? ಗೌಡನ ಹೊಲದಲ್ಲಿ ಕೂಲಿ. ಅಂದರೆ ನಾವು ಎಲ್ಲಿಂದ ಓಡಿ ಬಂದೆವೋ ಆ ಜಾಗ ಖಾಲಿ ಇದೆ, ಇವರನ್ನ ತಂದು ತುಂಬುತ್ತಾರೆ. ಈ ಸಿಟಿಯಾದರೂ ಏನು ಮಾಡಿದೆ? 2013ರ ಜನವರಿಯಲ್ಲಿ ಈಜಿಪುರದಲ್ಲಿ ಬಡವರ ಮನೆಗಳ ಮೇಲೆ ಬುಲ್ಡೋಜರ್ ಹರಿದದ್ದನ್ನ ನಮ್ಮ ಅಣ್ಣಂದಿರು ಕಣ್ಣಾರೆ ನೋಡಿದ್ದಾರೆ. ಚಳಿಯಲ್ಲಿ ಕೂಸುಗಳನ್ನ ಕಟ್ಟಿಕೊಂಡು ಜನ ಫುಟ್‌ಪಾತಿನ ಮೇಲೆ ಕೂತಿದ್ದರು.

ಹಾಗಂತ ಕಾಡು ಅಂದರೆ ಸ್ವರ್ಗ ಅಂತ ನಾವು ಹೇಳಿದರೆ ಅದೂ ಮೋಸ. ಬೆಳಿಗ್ಗೆ ಅಜ್ಜಿಯ ಮೊಮ್ಮಗಳು ಸಿಕ್ಕಳು. ಆಶ್ರಮ ಶಾಲೆಯಲ್ಲಿ ಓದಿ, ಈಗ ಹಾಸ್ಟೆಲಲ್ಲಿದ್ದು ಡಿಗ್ರಿ ಮಾಡ್ತಾ ಇದ್ದಾಳೆ. ರಜಕ್ಕೆ ಬಂದಿದ್ದಳು. "ನಿಮಗೆ ಕಾಡು ಅಂದ್ರೆ ಎರಡು ದಿನ ಅಣ್ಣಾ. ನಾನು ಇಲ್ಲಿ ಮುಟ್ಟಾದಾಗ ನೀರಿಗೆ ಎಷ್ಟು ದೂರ ಹೋಗಬೇಕು ಗೊತ್ತಾ?" ಅಂದಳು. ನಮ್ಮ ಬಾಯಿ ಕಟ್ಟಿತು. "ಇಲ್ಲಿಂದ ಹೋಗ್ತೀಯಾ ಹಂಗಾದ್ರೆ?" ಅಂತ ಕೇಳಿದೆವು. "ನಾನು ಹೋಗಬೇಕು ಅನ್ನಿಸಿದಾಗ ಹೋಗ್ತೀನಿ. ಯಾರೋ ಹೋಗು ಅಂದಾಗ ಅಲ್ಲ" ಅಂದಳು. ರಾತ್ರಿಯೆಲ್ಲ ನಾವು ಹಿಂಜಿದ್ದಕ್ಕಿಂತ ಆ ಹುಡುಗಿಯ ಎರಡು ಮಾತು ಹೆಚ್ಚು ತೂಕದ್ದು.

ಕಾಡು ಕಾಯೋಕೆ ಜನ ಹೊರಗಿರಬೇಕು ಅನ್ನೋ ಪಂಡಿತರಿಗೆ ಎರಡು ವಿಷಯ ಹೇಳಬೇಕು. ಹಿಂದೆ ಸೋಲಿಗರು ಬೇಸಿಗೆಯ ಮೊದಲಲ್ಲಿ ನೆಲದ ತರಗೆಲೆಗೆ ಸಣ್ಣ ಬೆಂಕಿ ಇಡೋರು. ತರಗು ಬೆಂಕಿ ಅಂತಾರೆ. ಮರ ಸುಡೋದಿಲ್ಲ, ಕೆಳಗಿನ ಕಸ ಸುಟ್ಟು ಹುಲ್ಲು ಚಿಗುರುತ್ತೆ. ಅದನ್ನ ನಿಲ್ಲಿಸಿದ ಮೇಲೆ ಲಾಂಟಾನ ಕಾಡು ತುಂಬಿತು, ನೆಲ್ಲಿ ಮರಕ್ಕೆ ಉಪ್ಪಿಲು ಅನ್ನೋ ಬಂದಳಿಕೆ ಹತ್ತಿತು ಅಂತ ಹಿರಿಯರು ಹೇಳ್ತಾರೆ. ಸಂಶೋಧನೆ ಮಾಡಿದವರು ಈಗ ಅದನ್ನ ಬರೆದಿದ್ದಾರೆ. ಲಾಂಟಾನ ದೊರೆಗಳು ಈ ದೇಶಕ್ಕೆ ತಂದ ತೋಟದ ಗಿಡ. ಬಂದ ಗಿಡಕ್ಕೆ ಜಾಗ ಇದೆ, ಇದ್ದ ಜನಕ್ಕೆ ಇಲ್ಲ. ಇನ್ನೊಂದು, ಹುಲಿ. 2010 ಮತ್ತು 2014ರ ಎಣಿಕೆಗಳ ನಡುವೆ ಆ ಕಾಡಲ್ಲಿ ಹುಲಿ ಹೆಚ್ಚಾದವು, ಸೋಲಿಗರು ಅಲ್ಲೇ ಇದ್ದ ಹಾಗೇ. ಕೆ. ಗುಡಿಯಲ್ಲಿ ಪ್ರವಾಸಿಗಳಿಗೆ ಬಿಡಾರ ಇದೆ, ಜೀಪು ಓಡಾಡುತ್ತೆ. ಜೀಪಿನ ಸದ್ದು ಹುಲಿಗೆ ಕೇಳಿಸೋದಿಲ್ಲ, ಅಜ್ಜಿಯ ಕೆಮ್ಮು ಕೇಳಿಸುತ್ತೆ ಅಂತ ಕಾಣುತ್ತೆ.

ಜೇನು, ನೆಲ್ಲಿ, ಸೀಗೆ, ಪಾಚಿ ತಂದು ಲ್ಯಾಂಪ್ಸ್ ಸೊಸೈಟಿಗೆ ಹಾಕಿ ಬದುಕುತ್ತಿದ್ದ ಜನ ಇವರು. ಅಭಯಾರಣ್ಯದೊಳಗಿಂದ ಮಾರೋದಕ್ಕೆ ಏನೂ ತರಬಾರದು ಅಂತ ಕಾಯಿದೆ ಬಿಗಿಯಾಗಿ 2006ರ ಹೊತ್ತಿಗೆ ಅದೂ ನಿಂತಿತು. ಹಕ್ಕು ಕಾಯಿದೆ ಪಾಸಾದ ವರ್ಷವೂ ಅದೇ. ಒಂದು ಕೈ ಬರೆಯುತ್ತೆ, ಇನ್ನೊಂದು ಕೈ ಅಳಿಸುತ್ತೆ. ಆ ವರ್ಷಗಳಲ್ಲಿ ಎಷ್ಟೋ ಮನೆಯವರು ಕೊಡಗಿನ ತೋಟಕ್ಕೆ ಕೂಲಿಗೆ ಹೋದರು. 2011ರ ಹಕ್ಕುಪತ್ರ ಬಂದ ಮೇಲೆ ಮತ್ತೆ ಜೇನಿಗೆ ಹತ್ತಿದರು. ಹತ್ತೋದು ಮರೆತ ಹುಡುಗರೂ ಇದ್ದಾರೆ.

ಇನ್ನೊಂದು ಮಾತು, ಇದು ನಮ್ಮ ಮನೆ ಮಾತು. ಆ ಕಾಯಿದೆಯಲ್ಲಿ ಒಂದು ಮುಳ್ಳು ಇದೆ. ಪರಿಶಿಷ್ಟ ಪಂಗಡದವರಿಗೆ 2005ಕ್ಕೆ ಮೊದಲು ಇದ್ದರೆ ಸಾಕು. ಅದೇ ಕಾಡಂಚಿನಲ್ಲಿ ಬಾಳುವ ಹೊಲೆಯ, ಮಾದಿಗ 'ಇತರೆ' ಆಗ್ತಾನೆ. ಮೂರು ತಲೆಮಾರು, ಅಂದರೆ 75 ವರ್ಷ ಇದ್ದದ್ದಕ್ಕೆ ಸಾಕ್ಷಿ ಕೊಡಬೇಕು. ಅಕ್ಷರ ಮುಟ್ಟಬೇಡ ಅಂತ ಸಾವಿರ ವರ್ಷ ದೂರ ಇಟ್ಟು, ಈಗ 75 ವರ್ಷದ ಕಾಗದ ತೋರಿಸು ಅಂದರೆ ಎಲ್ಲಿಂದ ತರೋದು? 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕಾರ ಆದವರನ್ನ ಎಬ್ಬಿಸಿ ಅಂತ ಸುಪ್ರೀಂ ಕೋರ್ಟು ಆದೇಶ ಮಾಡಿತು. ದೇಶದಲ್ಲಿ ಗದ್ದಲ ಆಗಿ ಅದೇ ತಿಂಗಳ 28ಕ್ಕೆ ತಡೆ ಬಂತು. ಅದು ತಡೆ ಮಾತ್ರ, ಮನೆ ಅಲ್ಲ. ಆದ್ದರಿಂದ ಸೋಲಿಗರ ಜಗಳ ಬೇರೆ, ನಮ್ಮ ಜಗಳ ಬೇರೆ ಅನ್ನೋರು ಆ ಕಾಯಿದೆಯನ್ನ ಒಂದು ಸಲ ಓದಿ ಬರಲಿ.

ಬೆಟ್ಟದ ಮೇಲಿನ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನ ಮದುವೆ ಆದ ಅಂತ ಕಥೆ. ಅದಕ್ಕೆ ಸೋಲಿಗರು ದೇವರನ್ನ ಭಾವ ಅಂತ ಕರೀತಾರೆ. ಆ ದೇವರ ಕಾಲಿಗೆ ದೊಡ್ಡ ದೊಡ್ಡ ಚರ್ಮದ ಪಾದರಕ್ಷೆ ಮಾಡಿ ಒಪ್ಪಿಸೋರು ನಮ್ಮ ಮಾದಿಗರು. ಹೆಣ್ಣು ಕೊಟ್ಟವರು ಅವರು, ಕಾಲಿಗೆ ಕೆರ ಕೊಟ್ಟವರು ನಾವು. ಗರ್ಭಗುಡಿಯಲ್ಲಿ ಮಂಗಳಾರತಿ ಎತ್ತೋರು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ಈ ಕಥೆಯನ್ನ ಅಜ್ಜಿಗೆ ಹೇಳಿದಾಗ ಅವಳು ನಕ್ಕಳು. "ಹಂಗಾರೆ ನೀವೂ ನಂಟ್ರೇಯ" ಅಂದಳು. ಹೊರಡೋ ಹೊತ್ತಿಗೆ 'ಬುದ್ದಿ' ಹೋಗಿ 'ಮಗ' ಆಗಿತ್ತು.

ಈಗ ಕೆಲಸದ ವಿಷಯ. ಕಾಡಿನೊಳಗಿನ, ಅಳತೆ ಆಗದ ವಸತಿಗಳನ್ನ ಕಂದಾಯ ಗ್ರಾಮ ಮಾಡಿಸಿಕೊಳ್ಳೋದೂ ಒಂದು ಹಕ್ಕು ಅಂತ ಅದೇ 3ನೇ ಕಲಮಿನಲ್ಲಿ ಬರೆದಿದೆ. ಅಂಗನವಾಡಿ, ಕುಡಿಯೋ ನೀರು, ರಸ್ತೆ ಇಂಥದಕ್ಕೆ ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡು ನೆಲ ಗ್ರಾಮಸಭೆಯ ಶಿಫಾರಸಿನ ಮೇಲೆ ಬಿಟ್ಟುಕೊಡಬಹುದು ಅಂತಲೂ ಇದೆ. ಆ ಪೋಡಿನವರು ಗ್ರಾಮಸಭೆ ಕರೀತಾರೆ. ಅರ್ಧ ಜನ ಸೇರಬೇಕು, ಸೇರಿದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಹೆಂಗಸರ ಜವಾಬ್ದಾರಿ ಆ ಮೊಮ್ಮಗಳು ತಗೊಂಡಿದ್ದಾಳೆ. ಸಾಕ್ಷಿ ಬೇಕು. ಕಾಗದವೇ ಆಗಬೇಕಾಗಿಲ್ಲ. ಹಳೇ ಮನೆಯ ಪಾಯ, ಬಾವಿ, ಹೂಳಿದ ಜಾಗ, ದೇವರ ತಾವು, ಇವೆಲ್ಲ ಸಾಕ್ಷಿ ಅಂತ ನಿಯಮದಲ್ಲಿದೆ. ಹಿರಿಯರು ಬಾಯಲ್ಲಿ ಹೇಳಿದ್ದನ್ನ ಬರೆದುಕೊಂಡರೆ ಅದೂ ಸಾಕ್ಷಿ.

ಬರೆಯೋಕೆ ಕೈ ಬೇಕು. ಪೋಡಿನಲ್ಲಿ ಹಿರಿಯರು ಬಹಳ ಜನ ಇದ್ದಾರೆ, ಕೆಲವರಿಗೆ ಹೆಚ್ಚು ದಿನ ಇಲ್ಲ. ಅವರ ಮಾತು ಅವರ ಮಾತಿನ ಹಾಗೇ ಬರಬೇಕು, ತಿದ್ದಬಾರದು, ಗ್ರಂಥ ಭಾಷೆ ಮಾಡಬಾರದು. ಅದಕ್ಕೆ ಕವಿಗಳು ಬೇಡ. ಅಕ್ಷರ ದುಂಡಗಿರೋ, ಕಿವಿ ಚೆನ್ನಾಗಿರೋ ನಾಕು ಜನ ಸಾಕು. ಮುಂದಿನ ರಜಕ್ಕೆ ನಾವು ಹೋಗ್ತಾ ಇದ್ದೀವಿ. ಬಸ್ ಚಾರ್ಜು ನಿಮ್ಮದೇ. ಒಂದು ಕಂಬಳಿ, ಒಂದು ಟಾರ್ಚು, ಗೆರೆ ಇರೋ ನೋಟ್‌ಬುಕ್ಕು ಎರಡು ತನ್ನಿ. ಅಜ್ಜಿಗೆ ಎಲೆ ಅಡಿಕೆ ತಂದರೆ ಒಳ್ಳೇದು. ಹೆಸರು ಕೊಡೋರು ಸಭೆ ಮುಗಿದ ಮೇಲೆ ಇಲ್ಲೇ ಬಾಗಿಲ ಹತ್ತಿರ ಸಿಗಿ.